ಪಕ್ಕದ ಸಾಲಿನ ತಟ್ಟೆಗಳು

ಮರಳು ತುಂಬಿದ ಗೋಣಿ ಬೊಂಬೆಗೆ ಕಾವಲು ಪಡೆಯ ಹೆಂಗಸರು ಭಾವ ಎಂದು ಹೆಸರಿಟ್ಟಿದ್ದರು. ಅದಕ್ಕೆ ತಲೆಯಿಲ್ಲ, ಕೈಯಿಲ್ಲ, ಎರಡು ದಪ್ಪ ಕಾಲು ಮಾತ್ರ. ಗಾಯಗೊಂಡವರನ್ನು ಗುಂಡಿನ ದಾರಿಯಿಂದ ಆಚೆ ಎಳೆದು ತರುವ ಅಭ್ಯಾಸಕ್ಕೆಂದು ಹೊಲಿಸಿದ್ದು. ಎದೆಗೆ ಬಿಗಿದ ಪಟ್ಟಿ ಹಿಡಿದು ಹಿಮ್ಮುಖವಾಗಿ ಎಳೆಯಬೇಕು. ಎಳೆದಷ್ಟೂ ಅವನು ಹಿಮ್ಮಡಿ ಊರಿ ಹಠ ಮಾಡುತ್ತಿದ್ದ.

"ಬಾರೋ ಭಾವ, ಬಾ. ಊಟಕ್ಕೆ ಕರೆದಿದ್ರೆ ಹಿಂಗೆ ಮಾಡ್ತಿದ್ಯಾ?" ಪುಟ್ಟಿಯ ಪಕ್ಕದಲ್ಲಿ ಇನ್ನೊಂದು ಬೊಂಬೆಯನ್ನು ಎಳೆಯುತ್ತಿದ್ದ ಅವಳ ಚಿಕ್ಕಮ್ಮ ಏದುಸಿರಿನಲ್ಲೇ ಬೈದಳು.

ಪುಟ್ಟಿಗೆ ನಗು ಬಂತು. ನಕ್ಕರೆ ಉಸಿರು ಕೆಡುತ್ತದೆ ಎಂದು ತುಟಿ ಕಚ್ಚಿಕೊಂಡಳು. ಮೈದಾನವನ್ನು ಎರಡು ಸುತ್ತು ಓಡಿ ಬಂದ ಮೇಲೆ ಈ ಭಾವನನ್ನು ಎಳೆಯುವುದು, ಎಳೆದು ಗೆರೆ ದಾಟಿಸಿದ ತಕ್ಷಣ ಮೇಜಿನ ಮೇಲಿನ ಪಿಸ್ತೂಲು ಎತ್ತಿಕೊಳ್ಳುವುದು, ಐವತ್ತು ಮೀಟರ್ ಆಚೆ ಸಾಲಾಗಿ ನಿಲ್ಲಿಸಿದ ಐದು ಕಬ್ಬಿಣದ ತಟ್ಟೆಗಳನ್ನು ಐದೇ ಗುಂಡಿನಲ್ಲಿ ಕೆಡವುವುದು. ಅಷ್ಟೂ ಪಡೆಯ ತರಬೇತಿಯನ್ನೂ ಕಾವಲಿನ ಹಂಚಿಕೆಯನ್ನೂ ನೋಡಿಕೊಳ್ಳುವ ಮೇಷ್ಟ್ರು ಸೀಟಿ ಊದುವುದರೊಳಗೆ ಮುಗಿಯಬೇಕು. ನಾಲ್ಕು ತಟ್ಟೆ ಬಿದ್ದರೆ ಪಾಸು. ಪಿಸ್ತೂಲಿಗೆ ಅದು ತುಂಬಾ ದೂರ. ಬೇರೆ ಪಡೆಯವರು ಇದರ ಅರ್ಧ ದೂರಕ್ಕೇ ಕೈಮುಗಿಯುತ್ತಿದ್ದರು. ಆದರೆ ಇವರು ನ್ಯಾಯಾಲಯದ ಕಾವಲಿನವರು. ಅಲ್ಲಿನ ಪಡಸಾಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಯಾಗಿ ಅಷ್ಟೇ ಉದ್ದ. ಬಾಗಿಲ ಬಳಿ ನಿಂತವಳು ಆ ತುದಿಯಲ್ಲಿ ಕತ್ತಿ ಹಿರಿದವನನ್ನು ಓಡಿಬಂದ ಉಸಿರಿನಲ್ಲೇ ತಡೆಯಬೇಕು, ನಡುವೆ ನಿಂತ ಜನಕ್ಕೆ ತಾಗದ ಹಾಗೆ. ಅದಕ್ಕೇ ಆರು ತಿಂಗಳಿಗೊಮ್ಮೆ ಈ ಪರೀಕ್ಷೆ.

ಕಳೆದ ಸಲ ಚಿಕ್ಕಮ್ಮ ಇದರಲ್ಲಿ ತಪ್ಪಿದ್ದಳು. ಇನ್ನೊಮ್ಮೆ ತಪ್ಪಿದರೆ ಪಿಸ್ತೂಲು ಒಪ್ಪಿಸಿ ಮುಂಬಾಗಿಲಿನಲ್ಲಿ ಚೀಲ ತಪಾಸಣೆಯ ಮೇಜಿಗೆ ಹೋಗಬೇಕು. ಅವಳಿಗೆ ಪಡೆಯಲ್ಲಿ ಗುರಿಯಮ್ಮ ಎಂದೇ ಹೆಸರು. ಹೊಸದಾಗಿ ಬಂದ ಹುಡುಗಿಯರಿಗೆ ಅವಳ ನಿಜವಾದ ಹೆಸರು ತಿಳಿಯಲು ವರ್ಷ ಹಿಡಿಯುತ್ತಿತ್ತು.

ಇಬ್ಬರೂ ಗೆರೆ ದಾಟಿದ್ದು ಹೆಚ್ಚುಕಡಿಮೆ ಒಟ್ಟಿಗೆ. ಪುಟ್ಟಿಯ ಎದೆ ಡೋಲಿನಂತೆ ಬಡಿಯುತ್ತಿತ್ತು. ಮೊದಲ ಗುಂಡು, ತಟ್ಟೆ ಬಿತ್ತು. ಎರಡನೆಯದು, ಇನ್ನೊಂದು ಬಿತ್ತು. ಅಷ್ಟರಲ್ಲಿ ಹಣೆಯಿಂದ ಬೆವರು ಇಳಿದು ಕಣ್ಣಿಗೆ ಹೊಕ್ಕು ಉರಿಯತೊಡಗಿತು. ತೋಳಿಗೆ ಮುಖ ಉಜ್ಜಿ ಕಣ್ಣು ಬಿಟ್ಟಳು. ಎದುರಿಗೆ ಬೆಳ್ಳಗೆ ಒಂದು ತಟ್ಟೆ ಕಂಡಿತು. ಹಾರಿಸಿದಳು. ತಟ್ಟೆ ಬಿತ್ತು.

ಬಿದ್ದದ್ದು ಪಕ್ಕದ ಸಾಲಿನಲ್ಲಿ. ಚಿಕ್ಕಮ್ಮನ ಸಾಲಿನಲ್ಲಿ.

ಸಾಲು ಮರೆತು ಪಕ್ಕದವರ ತಟ್ಟೆಗೆ ಹೊಡೆಯುವುದು ದಣಿದವರು ಮಾಡುವ ತಪ್ಪು. ಮೇಷ್ಟ್ರು ಅದಕ್ಕೆಂದೇ ತಟ್ಟೆಗಳ ಕೆಳಗೆ ದೊಡ್ಡದಾಗಿ ಸಂಖ್ಯೆ ಬರೆಸಿದ್ದರು. ಪುಟ್ಟಿ ಕೈಯೆತ್ತಿ ತಪ್ಪಾಯಿತು ಎಂದು ಕೂಗಬೇಕಿತ್ತು. ಕೂಗಲು ಬಾಯಿ ತೆರೆದಳು ಕೂಡ. ಆಗ ಚಿಕ್ಕಮ್ಮನ ಮುಖ ಕಾಣಿಸಿತು. ಅದೇ ಗಳಿಗೆಯಲ್ಲಿ ತಾನೂ ಹಾರಿಸಿದ್ದ ಚಿಕ್ಕಮ್ಮ, ತಟ್ಟೆ ಬಿದ್ದದ್ದು ನೋಡಿ, ದೀಪ ಹಚ್ಚಿದ ಹಾಗೆ ಬೆಳಗಿದ್ದಳು. ತಟ್ಟೆಗಳ ಹಿಂದೆ, ತಪ್ಪಿದ ಗುಂಡು ತಡೆಯುವ ಮಣ್ಣಿನ ದಿಬ್ಬದ ಮೇಲ್ಗಡೆ ಅವಳ ಗುಂಡು ಎಬ್ಬಿಸಿದ ಧೂಳು ಇನ್ನೂ ಇಳಿಯುತ್ತಿತ್ತು. ಅದನ್ನು ನೋಡಿದ್ದು ಪುಟ್ಟಿ ಒಬ್ಬಳೇ.

ಆಮೇಲಿನದು ಬೆವರಿನ ತಪ್ಪಲ್ಲ.

ಪುಟ್ಟಿಗೆ ಪಿಸ್ತೂಲು ಹಿಡಿಯಲು ಕಲಿಸಿದವಳೇ ಚಿಕ್ಕಮ್ಮ. ಉಸಿರನ್ನು ಹೇಗೆ ಬಿಡಬೇಕು, ಎಷ್ಟು ಬಿಟ್ಟು ಎಲ್ಲಿ ತಡೆಯಬೇಕು, ತಡೆದ ಮೇಲೆ ಟ್ರಿಗರ್ ಮೇಲೆ ಬೆರಳು ಹೇಗೆ ಬಾಗಬೇಕು, ಎಲ್ಲವೂ ಅವಳಿಂದ ಬಂದದ್ದು. ಅವಳ ಮುಂದಿನ ಗುಂಡು ಯಾವಾಗ ಹಾರುತ್ತದೆ ಎಂದು ನೋಡದೆಯೇ ಪುಟ್ಟಿಗೆ ಗೊತ್ತು, ತನ್ನದೇ ಉಸಿರಿನ ಹಾಗೆ. ಆ ಲಯಕ್ಕೆ ತನ್ನ ಬೆರಳು ಕೂಡಿಸಿದಳು. ಎರಡು ಪಿಸ್ತೂಲು ಒಂದೇ ಸದ್ದು ಮಾಡಿದವು. ಚಿಕ್ಕಮ್ಮನ ಸಾಲಿನಲ್ಲಿ ಮತ್ತೊಂದು ತಟ್ಟೆ ಬಿತ್ತು. ಇನ್ನೊಮ್ಮೆ ಹಾಗೆಯೇ. ಮತ್ತೊಂದು.

ಸೀಟಿ ಕೂಗಿತು.

"ಗುರಿಯಮ್ಮನೋರು ನಾಲ್ಕು, ಪಾಸು!" ಮೇಷ್ಟ್ರು ಹತ್ತಿರ ಬಂದು ಪುಟ್ಟಿಯ ಸಾಲು ನೋಡಿ ಹುಬ್ಬು ಗಂಟಿಕ್ಕಿದರು. "ಏನಮ್ಮಾ ಕನಸಮ್ಮ, ಬರೀ ಎರಡು? ಯಾವ ಲೋಕಕ್ಕೆ ಹೋಗಿದ್ದೆ?"

"ಕಣ್ಣಿಗೆ ಬೆವರು ಬಿತ್ತು, ಸರ್."

"ಕಳ್ಳನಿಗೂ ಹಂಗೇ ಹೇಳ್ತೀಯಾ? ಸ್ವಲ್ಪ ತಡಿಯಪ್ಪಾ, ಮುಖ ಒರೆಸ್ಕೋತೀನಿ ಅಂತ? ಹದಿನೈದು ದಿನ ಬಿಟ್ಟು ಮತ್ತೆ ಬಾ."

ಸುತ್ತಲಿನವರು ನಕ್ಕರು. ಚಿಕ್ಕಮ್ಮ ನಗಲಿಲ್ಲ. ಪುಟ್ಟಿಯ ಹೆಗಲ ಮೇಲೆ ಕೈಯಿಟ್ಟಳು.

ಅಮ್ಮ ತೀರಿಹೋದಾಗ ಪುಟ್ಟಿ ಇನ್ನೂ ಜಡೆ ಹೆಣೆದುಕೊಳ್ಳಲು ಬಾರದ ಹುಡುಗಿ. ಅಮ್ಮನ ತಂಗಿಯೂ ಅಮ್ಮನ ತಾಯಿಯೂ ಅವಳನ್ನು ಹಂಚಿಕೊಂಡು ಬೆಳೆಸಿದರು. ಹಗಲು ಚಿಕ್ಕಮ್ಮನದು, ಓದು, ಓಟ, ಗದರಿಕೆ. ಸಂಜೆಯೆಲ್ಲ ಅಜ್ಜಿಯದು, ಗಿಳಿಯೊಳಗೆ ಪ್ರಾಣ ಬಚ್ಚಿಟ್ಟ ರಾಕ್ಷಸರು, ಬಾವಿಯೊಳಗಿನ ಅರಮನೆಗಳು. ಪುಟ್ಟಿ ಮಾತಿನ ನಡುವೆ ಎಲ್ಲೋ ನೋಡುತ್ತ ನಿಂತುಬಿಡುವುದಕ್ಕೆ ಅಜ್ಜಿಯೇ ಕಾರಣ ಎಂದು ಚಿಕ್ಕಮ್ಮ ದೂರುತ್ತಿದ್ದಳು.

ಆ ದಿನ ಮನೆಗೆ ಬಂದ ಚಿಕ್ಕಮ್ಮ ಬೂಟು ಬಿಚ್ಚುವ ಮೊದಲೇ ಅಜ್ಜಿಯ ಮಂಚದ ಮೇಲೆ ಕೂತು ಎಲ್ಲವನ್ನೂ ಅಭಿನಯಿಸಿ ತೋರಿಸಿದಳು.

"ಮೊದಲ್ನೇದು ಹೋಯ್ತಮ್ಮಾ, ಎರಡ್ನೇದು ಬಿತ್ತು. ಆಮೇಲೆ ನೋಡು, ಟಣ್, ಟಣ್, ಟಣ್! ಒಂದರ ಹಿಂದೆ ಒಂದು! ನನಗೇ ನಂಬಕ್ಕಾಗ್ಲಿಲ್ಲ. ಆ ಮುಳ್ಳು ಸರಿಯಾಗಿ ಕಾಣ್ತಾನೂ ಇರ್ಲಿಲ್ಲ, ಆದ್ರೂ ಕೈ ತಾನಾಗೇ ಹೋಯ್ತು."

ಮುಳ್ಳು ಎಂದರೆ ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲು ಇರುವ ಸಣ್ಣ ಉಬ್ಬು. ಒಂದು ವರ್ಷದಿಂದ ಅದು ಚಿಕ್ಕಮ್ಮನಿಗೆ ಹೊಗೆಯ ಹಾಗೆ ಕಾಣುತ್ತಿತ್ತು. ಓದುವ ಕನ್ನಡಕ ಹಾಕಿದರೆ ಮುಳ್ಳು ಕಾಣುತ್ತಿತ್ತು, ತಟ್ಟೆಗಳು ಮಾಯ. ತೆಗೆದರೆ ತಟ್ಟೆ ಕಾಣುತ್ತಿತ್ತು, ಮುಳ್ಳು ಮಾಯ. ಪಡೆಯಲ್ಲಿ ಈ ಗುಟ್ಟು ಗೊತ್ತಿದ್ದದ್ದು ಪುಟ್ಟಿಗೆ ಮಾತ್ರ.

"ವಯಸ್ಸಾಯ್ತು ಅಂದೋರ ಬಾಯಿಗೆ ಬೀಗ ಬಿತ್ತು ಬಿಡು," ಎಂದಳು ಅಜ್ಜಿ. "ಇವಳ್ಯಾಕೆ ಮೂಲೆ ಹಿಡಿದಿದ್ದಾಳೆ?"

"ಎರಡೇ ಬಿದ್ದಿದ್ದು ಇವಳದ್ದು. ಸುಮ್ನಿರಮ್ಮ, ಮೊದಲೇ ನೊಂದಿದ್ದಾಳೆ." ಚಿಕ್ಕಮ್ಮ ಎದ್ದು ಬಂದು ಪುಟ್ಟಿಯ ಗಲ್ಲ ಹಿಡಿದೆತ್ತಿದಳು. "ಅಯ್ಯೋ ಪೆದ್ದಿ, ನಾನಿಲ್ವೇನೇ? ಹದಿನೈದು ದಿನದಲ್ಲಿ ನಿನ್ನನ್ನ ತಯಾರು ಮಾಡ್ತೀನಿ. ನನ್ನ ಕೈಯಲ್ಲಿ ಕಲಿತೋಳು ಫೇಲಾದ್ರೆ ನನಗೆ ಮರ್ಯಾದೆನಾ?"

ಪುಟ್ಟಿ ತಲೆಯಾಡಿಸಿದಳು. ಆಗಲೇ ಹೇಳಿಬಿಡಬಹುದಿತ್ತು. ಚಿಕ್ಕಮ್ಮ ಇಷ್ಟು ಮಾತಾಡಿ ಎಷ್ಟು ತಿಂಗಳಾಗಿತ್ತೋ. ನಾಳೆ ಹೇಳೋಣ ಎಂದುಕೊಂಡಳು.

ಆ ನಾಳೆ ಬೆಳಗಾಗುವ ಮೊದಲೇ ಚಿಕ್ಕಮ್ಮ ಅವಳ ಹೊದಿಕೆ ಎಳೆದಳು. ಅವರದು ಮೇಲಿನ ಮಹಡಿ. ಎರಡು ಕೈಯಲ್ಲಿ ನೀರಿನ ಕ್ಯಾನು ಹಿಡಿದು ಮೆಟ್ಟಿಲು ಇಳಿದು ಹತ್ತಿ, ಇಳಿದು ಹತ್ತಿ, ಕಾಲು ಸೋತ ಮೇಲೆ ತಾರಸಿಗೆ ಹೋಗಿ ಮರಳು ತುಂಬಿದ ಬಾಟಲಿಯನ್ನು ಪಿಸ್ತೂಲಿನಂತೆ ಮುಂದೆ ಚಾಚಿ ನಿಲ್ಲಬೇಕು. ಬಾಟಲಿಯ ಮುಚ್ಚಳದ ಮೇಲೆ ಒಂದು ನಾಣ್ಯ. ನಾಣ್ಯ ಬಿದ್ದರೆ ಮತ್ತೆ ಮೆಟ್ಟಿಲು.

ನಾಣ್ಯ ಬೀಳುತ್ತಿರಲಿಲ್ಲ. ಪುಟ್ಟಿಗೆ ಆ ವಿದ್ಯೆ ಎಂದೋ ಒಲಿದಿತ್ತು. ಹಾಗಾದರೆ ತಟ್ಟೆಗಳೇಕೆ ಬೀಳಲಿಲ್ಲ ಎಂದು ಚಿಕ್ಕಮ್ಮನಿಗೆ ಅನುಮಾನ ಬಂದೀತೆಂದು ಹೆದರಿ, ಮೂರನೆಯ ಬೆಳಗ್ಗೆ ಬೇಕೆಂದೇ ಕೈ ಅಲುಗಿಸಿದಳು. ನಾಣ್ಯ ಠಣ್ಣೆಂದು ನೆಲಕ್ಕೆ ಬಿತ್ತು.

"ನೋಡಿದ್ಯಾ, ಇಲ್ಲೇ ಇರೋದು ನಿನ್ನ ರೋಗ," ಎಂದಳು ಚಿಕ್ಕಮ್ಮ, ವೈದ್ಯೆಯ ಗೆಲುವಿನಿಂದ. "ಉಸಿರು ಪೂರ್ತಿ ಖಾಲಿ ಮಾಡ್ಕೋತೀಯ. ಅರ್ಧ ಇಟ್ಕೋಬೇಕು. ನಡಿ, ನಾನೂ ಬರ್ತೀನಿ, ಒಬ್ಳೇ ಹತ್ತಬೇಡ."

"ಬೇಡ ಚಿಕ್ಕಮ್ಮ, ನಿನ್ನ ಮಂಡಿ..."

"ನನ್ನ ಮಂಡಿ ನನ್ನ ಹತ್ರ ದೂರು ಹೇಳುತ್ತೆ, ನಿನ್ಹತ್ರ ಅಲ್ಲ."

ಅವಳು ಒಂದೊಂದು ಕೈಯಲ್ಲಿ ಒಂದೊಂದು ಕ್ಯಾನು ಹಿಡಿದು ಮುಂದೆ ಇಳಿದಳು. ಕೆಳಗಿನ ಮನೆಯಾಕೆ ಬಾಗಿಲು ತೆರೆದು, "ಏನ್ರೀ, ನಿಮ್ಮನೆ ನೀರೆಲ್ಲ ದಿನಾ ಬೆಳಿಗ್ಗೆ ಮೇಲಕ್ಕೂ ಕೆಳಕ್ಕೂ ವಾಕಿಂಗ್ ಹೋಗುತ್ತಾ?" ಎಂದು ಕೇಳಿದಳು. "ಹೂಂ ರೀ, ಕೂತಲ್ಲೇ ಇದ್ರೆ ಬೊಜ್ಜು ಬರುತ್ತೆ ಅದಕ್ಕೆ," ಎಂದಳು ಚಿಕ್ಕಮ್ಮ. ಅವಳ ಹಿಂದೆ ಹತ್ತುತ್ತಿದ್ದ ಪುಟ್ಟಿಗೆ ಅವಳು ಒಂದೊಂದು ಮೆಟ್ಟಿಲಿಗೂ ಎಡಮಂಡಿಯನ್ನು ಸ್ವಲ್ಪ ಹೊರಕ್ಕೆ ತಿರುಗಿಸಿ ನೋವು ನುಂಗುವುದು ಕಾಣುತ್ತಿತ್ತು. ಇಲ್ಲದ ರೋಗಕ್ಕೆ ಮದ್ದು ಅರೆಯಲು ಇವಳು ತನ್ನ ಮಂಡಿಯನ್ನೇ ಅರೆಯುತ್ತಿದ್ದಾಳೆ. ಈಗ ಹೇಳು, ಈಗ, ಈ ಮೆಟ್ಟಿಲ ಮೇಲೆ, ಎಂದು ಒಳಗಿನಿಂದ ಯಾರೋ ಬೆನ್ನಿಗೆ ಚುಚ್ಚಿದಂತಾಯಿತು. ಪುಟ್ಟಿ ಇನ್ನೊಂದು ಮೆಟ್ಟಿಲು ಹತ್ತಿದಳು.

ಸಂಜೆ ಅಜ್ಜಿಯ ಕಾಲು ಒತ್ತುತ್ತ ಕೂತಾಗ ಚಿಕ್ಕಂದಿನ ಕಥೆಯೊಂದು ಅರ್ಧಕ್ಕೆ ನೆನಪಾಯಿತು.

"ಅಜ್ಜಿ, ಮುತ್ತು ಪೋಣಿಸೋ ಅಕ್ಕತಂಗಿ ಕಥೆ ಇತ್ತಲ್ಲ. ತಂಗಿ ತಾನು ಪೋಣಿಸಿದ್ದನ್ನೆಲ್ಲ ಅಕ್ಕನ ಬುಟ್ಟಿಗೆ ಹಾಕ್ತಾಳೆ. ರಾಜ ಅಕ್ಕನ್ನ ಹೊಗಳ್ತಾನೆ. ಆಮೇಲೇನಾಗುತ್ತೆ?"

"ಆಮೇಲೇನು. ನಾಳೆ ಹೊತ್ತಿಗೆ ಅರಮನೆ ಸುತ್ತ ಬರೋವಷ್ಟು ಸರ ಪೋಣಿಸ್ಕೊಂಡು ಬಾ ಅಂತಾನೆ ರಾಜ. ಅಕ್ಕ ಪಾಪ ತನಗೇ ಬರುತ್ತೆ ಅಂತ ಕೂತು ಕೂತು ಬೆರಳೆಲ್ಲ ರಕ್ತ ಮಾಡ್ಕೋತಾಳೆ."

"ತಂಗಿ?"

"ತಂಗಿ ಒಳ್ಳೇ ಕೆಲಸ ಮಾಡ್ದೆ ಅಂತ ಕಾಲು ಚಾಚಿ ಮಲಗಿರ್ತಾಳೆ." ಅಜ್ಜಿ ಕಾಲು ಎಳೆದುಕೊಂಡಳು. "ಮೆಲ್ಲಗೆ ಒತ್ತೇ, ಇದು ಕಾಲು, ಹಿಟ್ಟಲ್ಲ."

ರಜೆಯ ದಿನ ಅಭ್ಯಾಸಕ್ಕೆಂದು ಗುಂಡು ಹಾರಿಸುವ ಮೈದಾನ, ಅವರ ಬಾಯಲ್ಲಿ ರೇಂಜು, ತೆರೆದಿತ್ತು. ಚಿಕ್ಕಮ್ಮ ಮೇಷ್ಟ್ರನ್ನು ಪುಸಲಾಯಿಸಿ ತಮ್ಮಿಬ್ಬರಿಗೂ ಸ್ವಲ್ಪ ಗುಂಡು ಕೊಡಿಸಿಕೊಂಡಳು. ಪುಟ್ಟಿ ಓಡಿದಳು, ಭಾವನನ್ನು ಎಳೆದಳು, ಗೆರೆ ದಾಟಿ ಪಿಸ್ತೂಲು ಎತ್ತಿದಳು. ಒಂದನ್ನಾದರೂ ತಪ್ಪಿಸೋಣ ಎಂದುಕೊಂಡೇ ನಿಂತಿದ್ದಳು. ಆದರೆ ನಾಣ್ಯ ಬೀಳಿಸಿದ ಕೈ ಪಿಸ್ತೂಲಿನ ಮುಂದೆ ಸುಳ್ಳು ಹೇಳಲು ಒಪ್ಪಲಿಲ್ಲ. ಐದೂ ತಟ್ಟೆ ಬಿದ್ದವು. ಸೀಟಿಗೆ ಇನ್ನೂ ಹೊತ್ತಿತ್ತು.

"ಏನಮ್ಮಾ ಇದು!" ಮೇಷ್ಟ್ರು ಗಡಿಯಾರ ನೋಡಿ ಮತ್ತೆ ತಟ್ಟೆ ನೋಡಿದರು. "ಇಷ್ಟು ಚೆಂದ ಹೊಡೆಯೋಳು ಅವತ್ತು ಯಾಕೆ ಮಣ್ಣು ಮುಕ್ಕಿದೆ?"

"ಕಲಿಸಿದೋರು ಯಾರು ಕೇಳಿ," ಎಂದಳು ಚಿಕ್ಕಮ್ಮ ಹೆಮ್ಮೆಯಿಂದ. ಆದರೆ ಅವಳ ಕಣ್ಣು ಪುಟ್ಟಿಯ ಮುಖದ ಮೇಲೆ ಒಂದು ಕ್ಷಣ ಹೆಚ್ಚು ನಿಂತಿತು.

ಆಮೇಲೆ ಅವಳ ಸರದಿ. ಓಟ ಮುಗಿಸಿ, ಬೊಂಬೆಯನ್ನು ಎಳೆದು ತಂದು, ಕಾಲು ಅಗಲಿಸಿ ನಿಂತಳು. ನಿಲುವು ಇಂದಿಗೂ ಶಿಲೆಯಲ್ಲಿ ಕಡೆದ ಹಾಗಿತ್ತು. ಮೊದಲ ಗುಂಡಿಗೆ ದಿಬ್ಬದ ನೆತ್ತಿಯಲ್ಲಿ ಧೂಳೆದ್ದಿತು. ಎರಡನೆಯದು ತಟ್ಟೆಯ ಕಂಬದ ಕೆಳಗೆ. ಒಂದು ತಟ್ಟೆ ಬಿತ್ತು. ಮಿಕ್ಕ ಎರಡೂ ದಿಬ್ಬಕ್ಕೆ ಹೋದವು.

"ಬಿಸಿಲು ಎದುರಿಗಿದೆ," ಎಂದಳು ಚಿಕ್ಕಮ್ಮ. ಬಿಸಿಲು ಬೆನ್ನಿಗಿತ್ತು. ಅಭ್ಯಾಸದ ದಿನ ಎಲ್ಲರ ಕೈಯೂ ತಪ್ಪುತ್ತದೆ. ಮೇಷ್ಟ್ರು ಬೇರೆ ಮಾತು ತೆಗೆದರು.

"ಗುರಿಯಮ್ಮ, ನಾಳಿದ್ದಿಂದ ನಿಮ್ಮನ್ನ ಪಡಸಾಲೆ ತುದಿ ಬಾಗಿಲಿಗೆ ಹಾಕಿದ್ದೀನಿ. ಗಂಡನ ವಿರುದ್ಧ ಸಾಕ್ಷಿ ಹೇಳೋ ಹುಡುಗಿ ಒಬ್ಬಳು ಬರ್ತಾಳೆ, ಅವನ ಕಡೆಯೋರು ಹೊಡೀತೀವಿ ಅಂತ ಕೂಗಾಡ್ತಿದ್ದಾರಂತೆ. ಅನುಭವ ಇರೋರು ಬೇಕು ಅಲ್ಲಿಗೆ."

ಚಿಕ್ಕಮ್ಮ ಸೆಟೆದು ನಿಂತಳು. "ಆಗ್ಲಿ ಸರ್." ಅವಳ ದನಿ ಒಡೆಯಿತು. ಕಳೆದ ಸಲ ತಪ್ಪಿದಂದಿನಿಂದ ಅವಳನ್ನು ವಾಹನ ನಿಲ್ಲಿಸುವ ಕಡೆಗೆ ಹಾಕಿದ್ದರು.

ಇಷ್ಟು ದಿನ ಪುಟ್ಟಿಯ ಪಾಪಕ್ಕೆ ಚಿಕ್ಕಮ್ಮನ ಮಂಡಿಯಷ್ಟೇ ಸಾಕ್ಷಿಯಾಗಿತ್ತು. ಈಗ ಆ ಉದ್ದನೆಯ ಪಡಸಾಲೆ ಕಣ್ಣಿಗೆ ಕಟ್ಟಿತು. ಬೆಂಚುಗಳ ಮೇಲೆ ಕಾಯುತ್ತ ಕೂತ ಜನ, ನಡುವೆ ಮುದುರಿ ನಡೆದು ಬರುವ ಒಬ್ಬ ಹುಡುಗಿ, ಆ ತುದಿಯಲ್ಲಿ ಓಡಿಬರುವ ಯಾರೋ, ಈ ತುದಿಯಲ್ಲಿ ಕಲ್ಲಿನಂತೆ ನಿಂತ ಚಿಕ್ಕಮ್ಮ, ಅವಳ ನಳಿಕೆಯ ತುದಿಯಲ್ಲಿ ಒಂದು ಹಿಡಿ ಹೊಗೆ. ಅಲ್ಲಿ ಗುಂಡು ತಪ್ಪಿದರೆ ತೆಗೆದುಕೊಳ್ಳಲು ಮಣ್ಣಿನ ದಿಬ್ಬವಿಲ್ಲ.

ಮನೆಗೆ ಬಂದ ಚಿಕ್ಕಮ್ಮ ಸಮವಸ್ತ್ರ ತೆಗೆದು ಇಸ್ತ್ರಿಗೆ ಕೂತಳು. ತೋಳಿನ ಮಡಿಕೆಯನ್ನು ಬೆರಳಿನಿಂದ ಎಳೆದೆಳೆದು ನೇರ ಮಾಡುತ್ತ ಏನೋ ಹಾಡು ಗುನುಗುತ್ತಿದ್ದಳು. ಅಜ್ಜಿ ಒಳಗೆ ತೂಕಡಿಸುತ್ತಿದ್ದಳು.

"ಚಿಕ್ಕಮ್ಮ."

"ಹೂಂ."

"ನಾಳಿದ್ದು ಆ ಬಾಗಿಲಿಗೆ ಹೋಗಬೇಡ."

"ಯಾಕೆ, ಹೊಟ್ಟೆಕಿಚ್ಚಾ?" ಚಿಕ್ಕಮ್ಮ ನಕ್ಕಳು. ತಲೆಯೆತ್ತಿ ನೋಡಿ ನಗು ನಿಲ್ಲಿಸಿದಳು. "ಏನೇ ಆಯ್ತು?"

"ಅವತ್ತು ನಿನ್ನ ತಟ್ಟೆಗಳನ್ನ ಕೆಡವಿದ್ದು ನಾನು."

ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆಯೇ ನಿಂತಿತು. ಬಟ್ಟೆ ಸುಡುವ ವಾಸನೆ ಬಂದಾಗ ಚಿಕ್ಕಮ್ಮ ಅದನ್ನು ಎತ್ತಿ ಪಕ್ಕಕ್ಕಿಟ್ಟಳು.

"ಎಷ್ಟು?"

"ಮೂರು."

"ಸಾಲು ತಪ್ಪಿತಾ?"

ಹೂಂ ಎಂದುಬಿಟ್ಟರೆ ಮುಗಿಯಿತು. ಚಿಕ್ಕಮ್ಮ ತಾನೇ ಬಾಗಿಲು ತೆರೆದು ಕೊಟ್ಟಿದ್ದಳು. ದಣಿದವರು ಮಾಡುವ ತಪ್ಪು ಅದು, ಯಾರೂ ಬೈಯುವುದಿಲ್ಲ. ಪುಟ್ಟಿ ಗೋಡೆಗೆ ಒರಗಿ ನಿಂತಳು.

"ಮೊದಲ್ನೇದು ತಪ್ಪಿತು. ಬೆವರು ಬಿದ್ದಿತ್ತು, ನಿಜ. ಆಮೇಲಿನ ಎರಡು... ನಾನೇ ಹೊಡೆದೆ. ನೀನು ಯಾವಾಗ ಹಾರಿಸ್ತೀಯ ಅಂತ ಗೊತ್ತಿತ್ತು. ನಿನ್ನ ಜೊತೆಗೇ ಹಾರಿಸಿದೆ."

ಚಿಕ್ಕಮ್ಮ ಅಂಗಿಯ ತೋಳಿನ ಮೇಲಿನ ಕಂದು ಗುರುತನ್ನು ಉಗುರಿನಿಂದ ಕೆರೆಯುತ್ತಿದ್ದಳು.

"ನನ್ನ ಉಸಿರು ಕದ್ದೆ," ಎಂದಳು ಕೊನೆಗೆ.

"ಚಿಕ್ಕಮ್ಮ, ನೀನು ಚೀಲದ ಮೇಜಿಗೆ ಹೋಗೋದನ್ನ ನೋಡಕ್ಕೆ ನನ್ನಿಂದ..."

"ಸುಮ್ನಿರು. ನಾನು ಕಲಿಸಿದ್ದನ್ನ ನನ್ನ ಮೇಲೇ ಉಪಯೋಗಿಸ್ದೆ. ದಿನಾ ಮೆಟ್ಟಿಲು ಹತ್ತಿಸಿದೆನಲ್ಲ, ನಿನ್ನ ಹಿಂದೆ ಹಿಂದೆ ಓಡಿ ಉಸಿರು ಹಿಂಗೆ ಬಿಡು, ಹಂಗೆ ಬಿಡು ಅಂತ ಪಾಠ ಹೇಳಿದೆನಲ್ಲ, ಒಳಗೊಳಗೇ ನಗ್ತಿದ್ದೆಯಾ?"

"ಇಲ್ಲ! ನಾನು ದಿನಾ ಸಾಯ್ತಿದ್ದೆ."

"ಬಾಯಿದ್ದೂ ಸತ್ತೆ." ಚಿಕ್ಕಮ್ಮ ಎದ್ದಳು. ಬಾಗಿಲ ಬಳಿ ನಿಂತು ಹಿಂದಿರುಗಿ ನೋಡದೆ ಹೇಳಿದಳು: "ಅಮ್ಮನ ಹತ್ರ ಟಣ್ ಟಣ್ ಅಂತ ಕುಣಿದು ತೋರಿಸಿದೆ ಕಣೇ ನಾನು. ನೀನು ಮೂಲೇಲಿ ನಿಂತು ನೋಡ್ತಿದ್ದೆ."

ಮಾರನೆಯ ಬೆಳಗ್ಗೆ ಅವಳು ಪುಟ್ಟಿಯನ್ನು ಕರೆಯದೆ ಹೊರಟಳು. ಪುಟ್ಟಿ ಹಿಂದೆಯೇ ಓಡಿ ಬಸ್ಸಿನಲ್ಲಿ ಎರಡು ಸೀಟು ಹಿಂದೆ ಕೂತಳು. ಪಕ್ಕದಲ್ಲಿ ಕೂರುವ ಧೈರ್ಯ ಬರಲಿಲ್ಲ. ರೇಂಜಿನ ಕಚೇರಿಯಲ್ಲಿ ಮೇಷ್ಟ್ರು ಚಹಾ ಕುಡಿಯುತ್ತಿದ್ದರು. ಚಿಕ್ಕಮ್ಮ ಬಾಯಿ ತೆರೆಯುವ ಮೊದಲೇ ಪುಟ್ಟಿ ಮುಂದೆ ನುಗ್ಗಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೊದಲನೆಯದು ತಪ್ಪಿದ್ದು, ಮಿಕ್ಕೆರಡು ಬೇಕೆಂದು ಮಾಡಿದ್ದು, ಚಿಕ್ಕಮ್ಮನಿಗೆ ನಿನ್ನೆ ಸಂಜೆಯವರೆಗೂ ತಿಳಿಯದಿದ್ದದ್ದು.

ಮೇಷ್ಟ್ರು ಚಹಾದ ಲೋಟವನ್ನು ಮೆಲ್ಲಗೆ ಕೆಳಗಿಟ್ಟರು.

"ಪ್ರೀತಿ ತೋರಿಸೋ ಜಾಗ ಏನಮ್ಮಾ ಇದು? ನಾಳೆ ಆ ಹುಡುಗಿಗೆ ಏನಾದ್ರೂ ಆಗಿದ್ರೆ? ಯಾರ ಮನೆ ಬಾಗಿಲಿಗೆ ಹೋಗಿ ನಿಲ್ತಿದ್ದೆ ನೀನು?"

ಮೇಷ್ಟ್ರು ಮೇಜಿನ ಮೇಲಿನ ಪರೀಕ್ಷೆಯ ಪಟ್ಟಿ ಎಳೆದುಕೊಂಡು ಪುಟ್ಟಿಯ ಹೆಸರಿನ ಮೇಲೆ ಗೆರೆ ಎಳೆದರು.

"ಒಂದು ವರ್ಷ ನೀನು ಪಿಸ್ತೂಲು ಮುಟ್ಟೋ ಹಾಗಿಲ್ಲ. ಮೇಲಿನವರಿಗೆ ನಾನೇ ಹೇಳ್ತೀನಿ, ಅವರು ಇನ್ನೂ ಹೆಚ್ಚು ಹಾಕಿದ್ರೆ ಅದು ನಿನ್ನ ಹಣೆಬರಹ." ಅವರು ಚಿಕ್ಕಮ್ಮನ ಕಡೆ ತಿರುಗಿದರು. ದನಿ ತಗ್ಗಿತು. "ಗುರಿಯಮ್ಮ, ನಿಮ್ಮದು..."

"ನನ್ನದು ಈಗಲೇ ಮತ್ತೆ ತಗೊಳ್ಳಿ ಸರ್. ಪಕ್ಕದ ಸಾಲಲ್ಲಿ ಯಾರೂ ಬೇಡ."

"ಹದಿನೈದು ದಿನ ಬಿಟ್ಟು ತಗೋಬಹುದು. ಕಣ್ಣಿನ ಡಾಕ್ಟರ ಹತ್ರ ಹೋಗಿ ಬನ್ನಿ ಮೊದಲು."

ಕಣ್ಣು ಎಂಬ ಮಾತಿಗೆ ಚಿಕ್ಕಮ್ಮ ಥಟ್ಟನೆ ಪುಟ್ಟಿಯ ಕಡೆ ನೋಡಿದಳು. ಪುಟ್ಟಿ ಇಲ್ಲವೆಂದು ತಲೆಯಾಡಿಸಿದಳು. ಅದೊಂದನ್ನು ಅವಳು ಹೇಳಿರಲಿಲ್ಲ.

"ನನಗೂ ಆ ವಯಸ್ಸು ದಾಟಿದೆ, ತಾಯಿ," ಎಂದರು ಮೇಷ್ಟ್ರು. "ಯಾರಾದ್ರೂ ಹೇಳಬೇಕಾ? ಬೆನ್ನಿಗಿದ್ದ ಬಿಸಿಲನ್ನ ಎದುರಿಗಿದೆ ಅಂದ್ರಲ್ಲ ನಿನ್ನೆ. ಆಗಲೇ ನಾನು ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ನಾಲ್ಕು ಬಿದ್ದಿತ್ತಲ್ಲ ಅಂತ ಸುಮ್ಮನಾದೆ."

"ಇವತ್ತೇ ತಗೊಳ್ಳಿ," ಎಂದಳು ಚಿಕ್ಕಮ್ಮ. "ಎಷ್ಟು ಬೀಳುತ್ತೆ ಅಂತ ನನಗೂ ಗೊತ್ತಾಗಬೇಕು. ಯಾರದ್ದೂ ಸೇರದೆ ಇರೋದು."

ಮೈದಾನದಲ್ಲಿ ಬೇರೆ ಯಾರೂ ಇರಲಿಲ್ಲ. ಪುಟ್ಟಿ ಬೇಲಿಯ ಹೊರಗೆ ನಿಂತು ನೋಡಿದಳು. ಚಿಕ್ಕಮ್ಮ ಎರಡು ಸುತ್ತು ಓಡಿದಳು. ದಿನವೂ ಮೆಟ್ಟಿಲು ಹತ್ತಿದ ಎಡಗಾಲು ಎರಡನೆಯ ಸುತ್ತಿಗೆ ಕುಂಟತೊಡಗಿತು. ಭಾವನನ್ನು ಎಳೆಯುವಾಗ ಈ ಸಲ ಬೈಗುಳ ಕೇಳಲಿಲ್ಲ. ಗೆರೆ ದಾಟಿ ಪಿಸ್ತೂಲು ಎತ್ತಿದಳು. ಬೇಲಿಯಾಚೆ ಪುಟ್ಟಿಯ ಉಸಿರು, ಬೇಡವೆಂದರೂ, ಅವಳ ಉಸಿರಿನ ಜೊತೆಗೇ ಅರ್ಧಕ್ಕೆ ನಿಂತಿತು. ಇದೇ ಲಯ. ಇದನ್ನೇ ಕದ್ದದ್ದು. ಅವಳು ಬೇಕೆಂದೇ ಕೆಮ್ಮಿ ಉಸಿರು ಬಿಟ್ಟು ತನ್ನನ್ನು ಆ ಲಯದಿಂದ ಕಿತ್ತುಕೊಂಡಳು.

ಎರಡು ತಟ್ಟೆ ಬಿದ್ದವು. ಮೂರು ನಿಂತವು.

ಚಿಕ್ಕಮ್ಮ ಗುಂಡಿನ ಮ್ಯಾಗಜೀನು ತೆಗೆದು, ನಳಿಕೆ ಖಾಲಿ ಇದೆಯೆಂದು ಬೆರಳಿಟ್ಟು ನೋಡಿ, ಪಿಸ್ತೂಲನ್ನು ಮೇಜಿನ ಮೇಲೆ ಮಲಗಿಸಿದಳು, ನಿದ್ದೆ ಹೋದ ಮಗುವನ್ನು ಇಡುವಷ್ಟು ಮೆತ್ತಗೆ. ಮೇಷ್ಟ್ರಿಗೆ ಸಲ್ಯೂಟ್ ಹೊಡೆದಳು. ಮೇಷ್ಟ್ರು ಟೋಪಿ ತೆಗೆದು ಅದರೊಳಗೆ ಏನೋ ಹುಡುಕುವವರ ಹಾಗೆ ನೋಡುತ್ತ ನಿಂತರು.

ತುದಿಯ ಬಾಗಿಲಿಗೆ ಬೇರೆಯವರನ್ನು ಹಾಕಿದರು. ಚಿಕ್ಕಮ್ಮ ಚೀಲದ ಮೇಜಿಗೆ ಹೋದಳು, ಪುಟ್ಟಿ ವಾಹನ ನಿಲ್ಲಿಸುವ ಕಡೆಗೆ. ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎಂದು ಪುಟ್ಟಿ ಕೇಳಿ ಬೆಳೆದಿದ್ದಳು. ಅಜ್ಜಿಯ ಕಥೆಗಳಲ್ಲಿ ತಪ್ಪೊಪ್ಪಿಕೊಂಡ ಕೂಡಲೇ ಕಲ್ಲಾದವರು ಮನುಷ್ಯರಾಗುತ್ತಿದ್ದರು. ಇಲ್ಲಿ ಹಾಗೇನೂ ಆಗಲಿಲ್ಲ. ಮನೆಯಲ್ಲಿ ಮೂವರೂ ಕೂತು ಉಣ್ಣುವಾಗ ಚಿಕ್ಕಮ್ಮ ನೀರು ಬೇಕಾದರೆ ಅಜ್ಜಿಯನ್ನು ಕೇಳುತ್ತಿದ್ದಳು, ಅಜ್ಜಿ ಪುಟ್ಟಿಗೆ ಹೇಳುತ್ತಿದ್ದಳು, ಪುಟ್ಟಿ ಕೊಡುತ್ತಿದ್ದಳು.

"ನೀರಿಗೂ ನಾನೇ ದಲ್ಲಾಳಿನಾ?" ಎಂದು ಅಜ್ಜಿ ಒಂದು ದಿನ ರೇಗಿದಳು. "ಇಬ್ಬರೂ ಒಂದೇ ಮನೇಲಿದ್ದೀರಿ, ಅದು ನೆನಪಿರ್ಲಿ."

ಆ ವಾರದ ಕೊನೆಗೆ ಚಿಕ್ಕಮ್ಮ ಬೇಗ ಬಂದಳು. ಪುಟ್ಟಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಚಿಕ್ಕಮ್ಮ ಬಂದು ಹಿಂದೆ ನಿಂತದ್ದು ಗೊತ್ತಾಯಿತು. ತಿರುಗಲಿಲ್ಲ.

"ಇವತ್ತು ಆ ಹುಡುಗಿ ಬಂದಿದ್ಲು," ಎಂದಳು ಚಿಕ್ಕಮ್ಮ, ನೇರವಾಗಿ ಅವಳಿಗೇ. "ಸಾಕ್ಷಿ ಹೇಳೋಳು. ನಾನೇ ಅವಳ ಚೀಲ ನೋಡಿದ್ದು. ನಿನ್ನಷ್ಟೇ ಇದ್ದಾಳೆ. ಬಾಚಣಿಗೆ, ಒಂದು ಹಣ್ಣು, ಬಾಟಲಿ ನೀರು. ಆ ಬಾಗಿಲ ಹತ್ರ ಯಾರಿದ್ದಾರೆ ಮೇಡಂ, ಅವರು ಚೆನ್ನಾಗಿ ಹೊಡೀತಾರಾ ಅಂತ ಕೇಳಿದ್ಲು."

ಪುಟ್ಟಿಯ ಕೈಯಲ್ಲಿದ್ದ ಪಾತ್ರೆ ನಿಂತಿತು.

"ಹೂಂ, ಚೆನ್ನಾಗಿ ಹೊಡೀತಾರೆ, ಧೈರ್ಯವಾಗಿ ಹೋಗು ಅಂದೆ. ಸುಳ್ಳು ಹೇಳಬೇಕಾಗಿ ಬರಲಿಲ್ಲ." ಚಿಕ್ಕಮ್ಮ ತೋಳು ಮೇಲಕ್ಕೆ ಮಡಿಸಿಕೊಂಡಳು. "ನಾನೇ ಆ ಬಾಗಿಲಲ್ಲಿ ನಿಂತಿದ್ರೆ, ಅವಳು ಇನ್ಯಾರನ್ನೋ ಕೇಳ್ತಿದ್ಲು. ಅವರು ನನ್ನ ಹೆಸರು ಹೇಳಿ, ಹೂಂ ಅಂತಿದ್ರು."

"ಚಿಕ್ಕಮ್ಮ, ತಪ್ಪಾಯ್ತು."

"ನನ್ನದೂ ಇದೆ. ಕಾಣ್ತಿಲ್ಲ ಅಂತ ಗೊತ್ತಿದ್ದೂ ಓಡಿದೆ. ನಿನ್ನ ಬಾಯಿ ಮುಚ್ಚಿಸಿಟ್ಟಿದ್ದೂ ನಾನೇ, ಯಾರಿಗೂ ಹೇಳಬೇಡ ಅಂತ." ಅವಳು ಮುಂದೆ ಬಂದು ಪುಟ್ಟಿಯ ಕೈಯಿಂದ ಪಾತ್ರೆ ತೆಗೆದುಕೊಂಡಳು. "ಆದ್ರೆ ನಿನ್ನ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ. ಹೋದಾಗ ಹೇಳ್ತೀನಿ. ಅಲ್ಲೀವರೆಗೂ ಮುಖ ಸಣ್ಣ ಮಾಡ್ಕೊಂಡು ನನ್ನ ಮುಂದೆ ಓಡಾಡಬೇಡ, ನೋಡಕ್ಕಾಗಲ್ಲ."

ಹೆಬ್ಬೆರಳು ತೋರುಬೆರಳುಗಳ ನಡುವೆ, ವರ್ಷಗಟ್ಟಲೆ ಗುಂಡು ಹಾರಿದಾಗಲೆಲ್ಲ ಪಿಸ್ತೂಲು ಹಿಂದಕ್ಕೆ ಒದ್ದ ಜಾಗದಲ್ಲಿ, ಚಿಕ್ಕಮ್ಮನ ಚರ್ಮ ಒರಟಾಗಿ ದಪ್ಪಗಟ್ಟಿತ್ತು. ಸೋಪಿನ ನೀರಿನಲ್ಲಿ ಅದು ಬೆಳ್ಳಗೆ ಕಾಣುತ್ತಿತ್ತು. ಇನ್ನು ಅದು ದಿನದಿನಕ್ಕೆ ಮೆತ್ತಗಾಗುತ್ತದೆ, ಒಂದು ದಿನ ಎಲ್ಲರ ಕೈಯ ಹಾಗೆ ಆಗಿಬಿಡುತ್ತದೆ ಎಂದು ಪುಟ್ಟಿಗೆ ಹೊಳೆಯಿತು. ಅವಳು ನೋಟ ತಿರುಗಿಸಲಿಲ್ಲ. ಚಿಕ್ಕಮ್ಮ ತೊಳೆದು ಕೊಟ್ಟ ಪಾತ್ರೆಯನ್ನು ಒರೆಸಿ, ಬೋರಲು ಹಾಕಿ, ಮುಂದಿನದಕ್ಕೆ ಕೈ ಚಾಚಿದಳು.